ಹನ್ನೆರಡು ಬೆಳ್ಳಿ ತಟ್ಟೆಗಳು, ಹತ್ತು ಹೂಂಗಳು

ನಮ್ಮ ಮನೆಗೆ ಹೊಸ ಯಂತ್ರ ಯಾವುದು ಬಂದರೂ ಅದು ಸುಮ್ಮನೆ ಬಂದು ಸುಮ್ಮನೆ ಇದ್ದದ್ದಿಲ್ಲ. ಗ್ಯಾಸ್ ಒಲೆ ಬಂದಾಗ ನಮ್ಮತ್ತೆ ಮೂರು ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಮಿಕ್ಸಿ ಬಂದಾಗ ಪಕ್ಕದ ಮನೆಯವರು ಲಾರಿ ನುಗ್ಗಿತೆಂದು ಬೀದಿಗೆ ಓಡಿಬಂದರು. ಇವನ್ನೆಲ್ಲ ನಾನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಬಿ.ಎ. ಮಾಡಿದವಳು ಬರೆದಿಡದಿದ್ದರೆ ಮತ್ತೆ ಯಾರು ಬರೆದಿಡುತ್ತಾರೆ?

ಎಂಬತ್ತರ ದಶಕದ ಮಧ್ಯದಲ್ಲಿ ಬಂದದ್ದು ವಿಡಿಯೋ ಡಿಸ್ಕಿನ ಯಂತ್ರ. ಆಗ ಹೊಸೂರಿನಲ್ಲಿ ಕ್ಯಾಸೆಟ್ಟಿನ ವಿ.ಸಿ.ಆರ್. ಇದ್ದ ಮನೆಗಳನ್ನೇ ಬೆರಳಲ್ಲಿ ಎಣಿಸಬಹುದಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಸಿಂಗಾಪುರದಿಂದ ಈ ಯಂತ್ರವನ್ನೂ, ಅದಕ್ಕೆ ಹೊಂದುವ ಟಿ.ವಿ.ಯನ್ನೂ, ಹನ್ನೆರಡು ಡಿಸ್ಕುಗಳನ್ನೂ ಹೊತ್ತುಕೊಂಡು ಬಂದ. ಡಿಸ್ಕೆಂದರೆ ಊಟದ ತಟ್ಟೆಯಷ್ಟು ಅಗಲ, ಕನ್ನಡಿಯ ಹಾಗೆ ಹೊಳಪು. ನಮ್ಮತ್ತೆಯ ಬಾಯಲ್ಲಿ ಅವು ಕೊನೆಯವರೆಗೂ ‘ತಟ್ಟೆ’ಗಳೇ.

ತಮ್ಮ ಹನ್ನೊಂದು ವರ್ಷ ಸಮುದ್ರದ ಮೇಲಿದ್ದವನು. “ಅಕ್ಕಾ, ಬಸ್ ಸ್ಟ್ಯಾಂಡ್ ಹತ್ರ ಒಂದು ಅಂಗಡಿ ನೋಡಿದೀನಿ. ಈ ಯಂತ್ರ ನಮ್ಮ ಜನಕ್ಕೆ ಹಿಡಿಸಿದ್ರೆ ಇಲ್ಲೇ ಉಳೀತೀನಿ. ಇಲ್ಲಾಂದ್ರೆ ಹಡಗಿನಿಂದ ಕಾಗದ ಬಂದಿದೆ, ದೀಪಾವಳಿ ಕಳೀತಿದ್ದ ಹಾಗೆ ಹೊರಡ್ತೀನಿ” ಎಂದ.

“ಎಷ್ಟು ಮನೆಯವರು ಒಪ್ಪಬೇಕು?”

“ಹತ್ತು ಮನೆಯಾದ್ರೂ ‘ನಮಗೂ ಒಂದು ತರಿಸಿ’ ಅನ್ನಬೇಕು.”

“ಹತ್ತು ತಾನೆ? ನೀನು ಪೆಟ್ಟಿಗೆ ಬಿಚ್ಚು” ಎಂದೆ. ಅಂದೇ ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ಬಂದವರು ಯಾರು, ನೋಡಿದ್ದೇನು, ಹೇಳಿದ್ದು ಹೂಂ ಅಥವಾ ಉಹೂಂ. ನನ್ನ ತಮ್ಮನನ್ನು ಇನ್ನೊಮ್ಮೆ ಸಮುದ್ರಕ್ಕೆ ಬಿಡುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಅಲುಗಾಡದ ರವಿಕೆ

ಮೊದಲು ಕರೆದದ್ದು ನಮ್ಮ ಬೀದಿಯ ಹೆಂಗಸರನ್ನು. ಹಿಂದಿ ಹಾಡುಗಳ ಡಿಸ್ಕು ಹಾಕಿದೆವು. ಈ ಯಂತ್ರದ ದೊಡ್ಡಸ್ತಿಕೆ ಏನೆಂದರೆ ಚಿತ್ರವನ್ನು ಬೇಕಾದಲ್ಲಿ ನಿಲ್ಲಿಸಬಹುದು. ಕ್ಯಾಸೆಟ್ಟಿನಲ್ಲಿ ನಿಲ್ಲಿಸಿದರೆ ಚಿತ್ರ ಚಳಿಜ್ವರ ಬಂದಂತೆ ನಡುಗುತ್ತದೆ. ಇದರಲ್ಲಿ ಗೋಡೆಗೆ ಹಾಕಿದ ಫೋಟೋದಂತೆ ನಿಲ್ಲುತ್ತದೆ. ಅದನ್ನು ತೋರಿಸಲೆಂದೇ ತಮ್ಮ ಗುಂಡಿ ಒತ್ತಿದ. ನಾಯಕಿ ಆ ಕ್ಷಣದಲ್ಲಿ ನಮಗೆ ಬೆನ್ನು ಮಾಡಿದ್ದಳು.

ಹಾಡು ಅಲ್ಲಿಗೆ ಮುಗಿಯಿತು. “ಹಂಗೇ ಇರ್ಲಿ, ಹಂಗೇ ಇರ್ಲಿ!” ಎಂದು ಬೀದಿಗೆಲ್ಲ ರವಿಕೆ ಹೊಲಿಯುವ ಟೈಲರಮ್ಮ ಎದ್ದು ಸೊಂಟದಿಂದ ಟೇಪು ತೆಗೆದರು. ಬೆನ್ನಿನ ಹುಕ್ಕು ಎಷ್ಟು, ಪಟ್ಟಿ ಎಷ್ಟಗಲ, ಗಂಟು ಎಲ್ಲಿ ಕಟ್ಟಿದ್ದಾರೆ, ಒಂದೊಂದಾಗಿ ಲೆಕ್ಕ ಶುರುವಾಯಿತು. ಒಬ್ಬರು ಚೀಟಿ ಮೇಲೆ ಚಿತ್ರ ಬರೆದುಕೊಂಡರು. ಮುಕ್ಕಾಲು ಗಂಟೆ ಕಳೆಯಿತು, ನಾಯಕಿ ತಿರುಗಲಿಲ್ಲ.

ಅಷ್ಟರಲ್ಲಿ ನಮ್ಮ ಯಜಮಾನರು ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದರು. ಹನ್ನೆರಡು ಮಂದಿ ಹೆಂಗಸರು ಅಲುಗಾಡದ ಒಂದು ಬೆನ್ನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಪಾಪ, ಯಂತ್ರ ಕೆಟ್ಟಿತೆಂದು ತಿಳಿದು, ಹೋಗಿ ಟಿ.ವಿ.ಯ ತಲೆಯ ಮೇಲೆ ಎರಡು ಬಾರಿಸಿದರು.

“ಅಣ್ಣಾ, ಕೈ ತೆಗೀರಿ!” ಎಂದು ಟೈಲರಮ್ಮ ಕಿರುಚಿದರು. “ಇನ್ನೂ ತೋಳಿನ ಅಳತೆ ಆಗಿಲ್ಲ!”

ಅವರದು ಮೊದಲ ಹೂಂ.

ಅರ್ಧಕ್ಕೆ ನಿಂತ ಸಿನಿಮಾ

ಡಿಸ್ಕಿಗೆ ಒಂದು ದೋಷವಿತ್ತು. ಒಂದು ಗಂಟೆಯಾದರೆ ನಿಂತುಬಿಡುತ್ತಿತ್ತು. ಎದ್ದು ಹೋಗಿ ಅದನ್ನು ದೋಸೆಯ ಹಾಗೆ ಮಗುಚಿ ಹಾಕಬೇಕು. ಇದೊಂದನ್ನು ಜನ ಹೇಗೆ ತಗೊಳ್ಳುತ್ತಾರೋ ಎಂದು ತಮ್ಮನಿಗೆ ಚಿಂತೆ.

ಎದುರು ಮನೆಯಲ್ಲಿ ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರ್ ಇದ್ದರು. ಅವರು ಹೂಂ ಎಂದರೆ ಅವರ ಸಾಲಿನ ಮೂರು ಮನೆಯವರೂ ಹೂಂ ಎಂದ ಹಾಗೆ. ಆ ನಾಲ್ಕೂ ಮನೆಯವರನ್ನು ಒಟ್ಟಿಗೆ ಕೂರಿಸಿ ಸಿನಿಮಾ ಹಾಕಿದೆವು. ಸರಿಯಾಗಿ ಒಂದು ಗಂಟೆಗೆ ಪರದೆ ಕಪ್ಪಾಯಿತು. ತಮ್ಮ ತಪ್ಪು ಮಾಡಿದವನಂತೆ ಓಡಿ, ಅರ್ಧ ನಿಮಿಷದಲ್ಲಿ ಮಗುಚಿ ಹಾಕಿ, ಮತ್ತೆ ಓಡಿಸಿದ. ತಿರುಗಿ ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ! ಗಂಡಸರು ಬೀಡಿ ಹಚ್ಚಲು ಜಗಲಿಗೆ ಹೋಗಿದ್ದರು, ಹೆಂಗಸರು ಹಿತ್ತಲಿಗೆ. ಟೆಂಟಿನಲ್ಲಿ ಸಿನಿಮಾ ನೋಡಿ ಬೆಳೆದ ಜನ, ಪರದೆ ಕಪ್ಪಾದರೆ ಕಾಲು ತಾನಾಗಿ ಏಳುತ್ತದೆ.

ಸಿನಿಮಾದ ಸದ್ದು ಕೇಳಿ ಇನ್ಸ್‌ಪೆಕ್ಟರ್ ಜಗಲಿಯಿಂದಲೇ ಗದರಿದರು. “ಏನಪ್ಪಾ ನೀನು! ಇಂಟರ್ವಲ್‌ನಲ್ಲಿ ಕಾಫಿ ಕುಡಿಯಾಕೂ ಬಿಡಾಕಿಲ್ವಾ? ನಿಲ್ಸು ಮೊದ್ಲು!”

ನಿಲ್ಲಿಸಿದೆವು. ನಾನು ಕಾಫಿ ಕಾಯಿಸಿ, ಚಕ್ಕುಲಿ ಡಬ್ಬಿ ತೆರೆದೆ. ಕಾಲು ಗಂಟೆ ಬಿಟ್ಟು ದ್ವಿತೀಯಾರ್ಧ. ಮುಗಿದ ಮೇಲೆ ಅವರು ಗಂಭೀರವಾಗಿ ತೀರ್ಪು ಕೊಟ್ಟರು. “ಕ್ಯಾಸೆಟ್‌ನಲ್ಲಿ ಇಂಟರ್ವಲ್ಲೇ ಇಲ್ಲ, ಅದೊಂದು ಸಿನಿಮಾನಾ? ಇದೇ ಸರಿ. ನಮ್ಮ ನಾಲ್ಕು ಮನೇದೂ ಹೂಂ ಅಂತ ಬರ್ಕೊಳಮ್ಮ.”

ಬರೆದುಕೊಂಡೆ. ಚಪ್ಪಲಿ ಮೆಟ್ಟುತ್ತಾ ಅವರು ಕೇಳಿದರು. “ಅಲ್ಲಮ್ಮಾ, ಚಕ್ಕುಲಿ ಯಂತ್ರದ ಜೊತೆನೇ ಬತ್ತದಾ, ಇಲ್ಲಾ ಬೇರೆ ತಗಬೇಕಾ?”

ಬೇರೆಯವರ ಮಗಳು

ಸುದ್ದಿ ಹಳ್ಳಿಗಳಿಗೂ ಮುಟ್ಟಿತು. ಗುಮ್ಮಳಾಪುರದ ಕಡೆಯ ರೈತರೊಬ್ಬರು ಬಸ್ಸಿಳಿದು ನೇರ ನಮ್ಮ ಮನೆಗೇ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಎರಡು ಕೈಯಲ್ಲಿ ಡಿಸ್ಕು ಹಿಡಿದು, ತಿರುಗಿಸಿ ಮುರುಗಿಸಿ ನೋಡಿ ಕೇಳಿದರು.

“ನಮ್ ಹುಡುಗೀ ಮದ್ವೆ ಇದ್ರಾಗೆ ಹಿಡ್ದು ಕೊಡ್ತೀರಾ?”

ತಮ್ಮ ವಿನಯದಿಂದ ಹೇಳಿದ. “ಇದ್ರಲ್ಲಿ ನಾವು ಹಿಡಿಯೋಕೆ ಆಗಲ್ಲ ಗೌಡ್ರೇ. ಕಂಪನೀಲೇ ತುಂಬಿ ಕಳಿಸಿರ್ತಾರೆ.”

“ಹಂಗಾರೆ ಬೇರೇರ ಮನೆ ಮದ್ವೆ ನಾವು ನೋಡ್ಕಂಡು ಕೂತ್ಕಬೇಕಾ?”

ನಾನು ಬಿಡುವವಳಲ್ಲ. “ಗೌಡ್ರೇ, ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತೆ, ಪಟ್ಟಿ ಸಿಕ್ಕಿಕೊಳ್ಳುತ್ತೆ. ಇದು ಐವತ್ತು ವರ್ಷ ಆದರೂ ಹೀಗೇ ಇರುತ್ತೆ” ಎಂದೆ.

ಅವರು ಡಿಸ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ಐವತ್ತು ವರ್ಸ ಆದ್ಮ್ಯಾಲೂ ಅದ್ರಾಗೆ ನಮ್ ಹುಡುಗಿ ಇರಾಕಿಲ್ವಲ್ಲವ್ವಾ” ಎಂದರು.

ಉಹೂಂ ಎಂದು ಬರೆದೆ.

ಬಾಗಿಲು ಹಾಕಿದ ವಾರ

ಎರಡು ತಿಂಗಳಲ್ಲಿ ಒಂಬತ್ತು ಹೂಂ ಆದವು. ಇನ್ನು ಮಾತು ಗಟ್ಟಿ ಮಾಡಿಕೊಳ್ಳೋಣವೆಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೊರಟೆ. “ತಮ್ಮ ಯಂತ್ರ ತರಿಸೋಕೆ ಕಾಗದ ಬರೀತಾನೆ. ನಿಮ್ಮದೂ ಒಂದು ಸೇರಿಸಲಾ?”

ಟೈಲರಮ್ಮ ಬಾಯಿಯ ಸೂಜಿ ತೆಗೆದು ನಕ್ಕರು. “ಅಯ್ಯೋ, ನಮಗ್ಯಾಕಕ್ಕ? ನಿಮ್ಮನೇಲಿ ಇದ್ಯಲ್ಲ!”

ಇನ್ಸ್‌ಪೆಕ್ಟರ್ ಮನೆಯಲ್ಲೂ ಅದೇ ಉತ್ತರ. ಒಂಬತ್ತು ಮನೆಯಲ್ಲೂ ಅದೇ. ಅವರ ಹೂಂ ಯಂತ್ರ ಚೆನ್ನಾಗಿದೆ ಎನ್ನುವುದಕ್ಕೆ, ನಮ್ಮ ಮನೆಯಲ್ಲಿ ಚೆನ್ನಾಗಿದೆ ಎನ್ನುವುದಕ್ಕೆ. ಕಾಫಿ, ಚಕ್ಕುಲಿ ಕೊಟ್ಟು ನಾನೇ ತಮ್ಮನ ವ್ಯಾಪಾರಕ್ಕೆ ಕಲ್ಲು ಹಾಕಿದ್ದೆ.

ಸೋಮವಾರದಿಂದ ಪ್ರದರ್ಶನ ಬಂದ್ ಮಾಡಿದೆ. ಬಾಗಿಲು ಮುಂದಕ್ಕೆ ಹಾಕಿ ಚಿಲಕ ಸಿಕ್ಕಿಸಿದೆ. ನೋಡಬೇಕೆನ್ನುವವರು ಕೊಳ್ಳಲಿ.

ಮಂಗಳವಾರ ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಬೀದಿಗೆ ಬೀದಿಯೇ ನಿಂತಿದೆ. ಒಬ್ಬರ ಕೈಯಲ್ಲಿ ಮೂಸಂಬಿ, ಒಬ್ಬರ ಕೈಯಲ್ಲಿ ಎಳನೀರು, ಟೈಲರಮ್ಮನ ಕೈಯಲ್ಲಿ ಬ್ರೆಡ್ಡು.

“ಏನಕ್ಕಾ, ಬಾಗ್ಲು ಹಾಕಿದ್ರಲ್ಲ, ಯಾರಿಗೆ ಹುಷಾರಿಲ್ಲ?”

ಯಾರಿಗೂ ಏನೂ ಆಗಿಲ್ಲವೆಂದರೂ ನಂಬಲಿಲ್ಲ. ನನ್ನ ಮುಖ ಬಾಡಿದೆಯಂತೆ. ಎಲ್ಲರೂ ಒಳಗೆ ಬಂದು ಅವರವರ ಮಾಮೂಲಿ ಜಾಗದಲ್ಲಿ ಕುಳಿತರು. ಕೊನೆಗೆ ಇನ್ಸ್‌ಪೆಕ್ಟರೇ ತಮ್ಮನಿಗೆ ಹೇಳಿದರು. “ಅಕ್ಕನಿಗೆ ಮನಸ್ಸಿಗೇನೋ ಬೇಜಾರಾಗಿದೆ. ಒಂದು ಸಿನಿಮಾ ಹಾಕಪ್ಪ, ಪಾಪ.”

ಕ್ಲಬ್ಬಿನ ಕೊನೆಯ ಏಟು

ದೀಪಾವಳಿಗೆ ಹತ್ತೇ ದಿನ. ತಮ್ಮ ಟ್ರಂಕಿನ ಧೂಳು ಒರೆಸತೊಡಗಿದ. ನಾನು ಟ್ರಂಕನ್ನು ಅಟ್ಟಕ್ಕೆ ಹಾಕಿಸಿದೆ. ನಮ್ಮ ಯಜಮಾನರ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ಆಫೀಸರುಗಳ ಕ್ಲಬ್ಬಿತ್ತು. ಮದ್ರಾಸಿನಿಂದ, ಬೆಂಗಳೂರಿನಿಂದ ಬಂದ ಜನ. ಮಾರುಕಟ್ಟೆಗೆ ಬಂದದ್ದೆಲ್ಲ ಅವರ ಮನೆಗೆ ಮೊದಲು ಬರುತ್ತಿತ್ತು. ನಮ್ಮ ಬೀದಿಯವರಂತೆ ಇನ್ನೊಬ್ಬರ ಮನೆಗೆ ಹೋಗಿ ಕೂರುವವರೂ ಅಲ್ಲ. ಹತ್ತು ಹೂಂ ಒಂದೇ ಸಂಜೆ ಸಿಗಬಹುದಿತ್ತು. ನಾನೇ ಹೋಗಿ ಕ್ಲಬ್ಬಿನ ಸೆಕ್ರೆಟರಿಯನ್ನು ಒಪ್ಪಿಸಿ ಬಂದೆ. ತಮ್ಮ ನೋಡಿದ್ದ ಅಂಗಡಿಯ ಮಾಲೀಕರನ್ನೂ ಬರಲು ಹೇಳಿದೆ.

ಮೊದಲ ಬಾರಿಗೆ ಯಂತ್ರವೂ ಹನ್ನೆರಡು ಡಿಸ್ಕುಗಳೂ ಮನೆ ಬಿಟ್ಟು ಹೊರಟವು. ಎಣಿಸಿ ಬರೆದುಕೊಂಡೇ ಕಳಿಸಿದೆ.

ಸುಮಾರು ನಲವತ್ತು ಜನ ಸೇರಿದ್ದರು. ತಮ್ಮ ದೀಪ ಆರಿಸಿ, ಹೊಡೆದಾಟದ ಸಿನಿಮಾ ಹಾಕಿದ. ನಾವು ಮನೆಯಲ್ಲಿ ನಾಲ್ಕು ಸಲ ಕೊನೆಯವರೆಗೂ ನೋಡಿದ್ದ ಡಿಸ್ಕು. ಚಿತ್ರ ಕನ್ನಡಿಯಷ್ಟು ಸ್ವಚ್ಛ. ಸೆಕ್ರೆಟರಿ ಪಕ್ಕದವರಿಗೆ, “ಸೂಪರ್ ಕ್ಲಾರಿಟಿ ಸಾರ್, ನಾನುಂ ಒಣ್ಣು ಬುಕ್ ಪಣ್ಣಪ್ಪೋರೇನ್” ಎಂದು ತಮಿಳಿನಲ್ಲಿ, ತಾನೂ ಒಂದು ಬುಕ್ ಮಾಡುತ್ತೇನೆಂದು ಹೇಳಿದ್ದು ನನ್ನ ಕಿವಿಗೇ ಬಿತ್ತು. ಮಧ್ಯಂತರದಲ್ಲಿ ಏಳು ಮಂದಿ ತಾವಾಗಿ ಬಂದು ಹೆಸರು ಬರೆಸಿದರು. ಕೊಳ್ಳುತ್ತೇವೆಂದೇ ಹೇಳಿ ಬರೆಸಿದರು.

ಡಿಸ್ಕು ಮಗುಚಿ ದ್ವಿತೀಯಾರ್ಧ. ಕೊನೆಯ ಹೊಡೆದಾಟ ಬಂತು. ನಾಯಕನ ಅಪ್ಪನನ್ನು ಕೊಂದ ಖಳ ಎದುರಿಗೇ ನಿಂತಿದ್ದಾನೆ. ನಾಯಕ ಗಾಳಿಯಲ್ಲಿ ಹಾರಿ ಕಾಲೆತ್ತಿದ. ಒದೆ ಬೀಳಲಿಲ್ಲ. ಮತ್ತೆ ನೆಲದ ಮೇಲೆ ನಿಂತಿದ್ದ. ಮತ್ತೆ ಹಾರಿದ, ಮತ್ತೆ ನೆಲದ ಮೇಲೆ. ಹತ್ತು ಸಲ ಹಾರಿದ, ಖಳನಿಗೆ ಒಂದು ಗೀರೂ ಆಗಲಿಲ್ಲ. ಹಿಂದಿನಿಂದ ಯಾರೋ ಕೂಗಿದರು. “ವಿಲನ್‌ಗೇ ಬೇಜಾರಾಗಿದೆ, ಮನೆಗೆ ಕಳ್ಸಿ!”

ತಮ್ಮ ಬೇರೆ ಡಿಸ್ಕು ಹಾಕಿ ಕೊನೆಯ ಭಾಗಕ್ಕೆ ಓಡಿಸಿದ. ಅದೂ ಕೊನೆಯಲ್ಲಿ ಕುಪ್ಪಳಿಸಿತು. ಮೂರನೆಯದೂ ಅಷ್ಟೇ. ದೀಪ ಹಾಕಿ, ಡಿಸ್ಕನ್ನು ಬೆಳಕಿಗೆ ಹಿಡಿದವನು “ಅಕ್ಕಾ!” ಎಂದು ಕೂಗಿದ. ನಾನು ಓಡಿಹೋಗಿ ನೋಡಿದೆ. ಎರಡನೆಯ ಮಗ್ಗುಲಿನ ಅಂಚಿನ ಹತ್ತಿರ, ಚುಕ್ಕಿ ಚುಕ್ಕಿಯ ಮುದ್ದಾದ ಅಕ್ಷರಗಳಲ್ಲಿ, ಸ್ಟೀಲ್ ಪಾತ್ರೆಗಳ ಮೇಲೆ ಕೊರೆಯುವ ಹಾಗೆಯೇ, ತೀರಿಹೋದ ನಮ್ಮ ಮಾವನವರ ಹೆಸರು. ಹನ್ನೆರಡರ ಮೇಲೂ. ಡಿಸ್ಕು ಓಡುವುದು ಒಳಗಿನಿಂದ ಹೊರಕ್ಕೆ, ಸಿನಿಮಾದ ಕೊನೆ ಇರುವುದು ಅಂಚಿನಲ್ಲೇ. ನಮ್ಮ ಮಾವನವರು ಹನ್ನೆರಡು ಕ್ಲೈಮ್ಯಾಕ್ಸುಗಳ ಮೇಲೂ ಕುಳಿತುಬಿಟ್ಟಿದ್ದರು!

ಏಳು ಮಂದಿಯೂ ನಗುತ್ತಲೇ ಬಂದು ತಂತಮ್ಮ ಹೆಸರು ಹೊಡೆದುಹಾಕಿಸಿದರು. ನಾನು ಅಳುವ ಹಾಗಿದ್ದೆ, ಆದರೆ ನೋಟ್‌ಬುಕ್ ಮುಚ್ಚಲಿಲ್ಲ. “ಬೇರೆ ಡಿಸ್ಕು ತರಿಸಿ ಇನ್ನೊಂದು ದಿನ ತೋರಿಸ್ತೀವಿ” ಎಂದೆ. ಆಗ ಅಂಗಡಿಯ ಮಾಲೀಕರು ಕಣ್ಣೊರೆಸಿಕೊಳ್ಳುತ್ತಾ ಎದ್ದರು. “ಇಷ್ಟು ನಕ್ಕು ಎಷ್ಟೋ ವರ್ಷ ಆಗಿತ್ತಮ್ಮ. ಅಂಗಡಿ ನಿಮ್ಮ ತಮ್ಮನಿಗೇ ಕೊಡ್ತೀನಿ. ಆದ್ರೆ ದಯವಿಟ್ಟು ಕ್ಯಾಸೆಟ್ ಇಡ್ರಪ್ಪಾ. ಅದ್ರ ಒಳಗಿನ ಪಟ್ಟಿ ಮೇಲೆ ಯಾರೂ ಹೆಸ್ರು ಕೊರೆಯಾಕಾಗಲ್ಲ.”

ತಮ್ಮ ನನ್ನ ಮುಖ ನೋಡಿದ. ನಾನು ಹೂಂ ಎಂದೆ. ಹಡಗಿಗೆ ಬರಲಾರೆನೆಂದು ಅವನು ಮಾರನೆಯ ದಿನವೇ ಕಾಗದ ಹಾಕಿದ.

ಅಂದು ರಾತ್ರಿ ಕ್ಲಬ್ಬಿನಿಂದ ಮನೆಗೆ ಬಂದವಳೇ ಅತ್ತೆಯ ಮುಂದೆ ಹನ್ನೆರಡು ಡಿಸ್ಕನ್ನೂ ಇಟ್ಟೆ. ಅವರು ಅವರೆಕಾಯಿ ಸುಲಿಯುತ್ತಿದ್ದರು.

“ಅತ್ತೆ, ಯಾಕೆ ಹೀಗೆ ಮಾಡಿದ್ರಿ?”

“ತಟ್ಟೆಗಳು ಹೊರಗಡೆ ಹೊಂಟಿದ್ವು. ಪಾತ್ರೆ ಅಂಗ್ಡಿಗೆ ಹೋಗಿ ಹೆಸ್ರು ಹಾಕಿಸ್ಕಂಡು ಬಂದೆ. ನೀನು ಓದಿದೋಳು, ನಿಂಗೆ ಹೊಳೀಲಿಲ್ಲ.”

“ಡಿಸ್ಕೆಲ್ಲಾ ಹಾಳಾಯ್ತು ಅತ್ತೆ!”

ಅವರು ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿದರು. “ಎಷ್ಟು ತಟ್ಟೆ ಕಳಿಸಿದ್ದೆ?”

“ಹನ್ನೆರಡು.”

“ಅಷ್ಟೊಂದು ಜನದ ಮಧ್ಯೆ ಹೋಗಿ ಎಷ್ಟು ಬಂದ್ವು?”

“ಹನ್ನೆರಡು.”

“ಇನ್ನೇನ್ ಮತ್ತೆ!” ಎಂದು ಅತ್ತೆ ಮೊರ ಎಳೆದುಕೊಂಡರು.