ಮನೆ ಪಕ್ಕದ ರಿಂಕ್‌ನಲ್ಲೇ ಬೀಳುವ ಮಗಳು

ಸ್ವಂತ ಊರಲ್ಲಿ ಆಡಿದರೆ ಗೆಲ್ಲೋದು ಸುಲಭ ಅಂತಾರೆ. ಹಾಗನ್ನೋರು ಒಮ್ಮೆ ಅಮೆರಿಕದ ನಮ್ಮೂರು ಗೈದರ್ಸ್‌ಬರ್ಗ್‌ಗೆ ಬಂದು ನಮ್ಮ ಜನರ ಪಕ್ಕ ಕೂತು ನೋಡಬೇಕು. ನನ್ನ ಮಗಳು ಐಸ್ ಸ್ಕೇಟಿಂಗ್ ಮಾಡ್ತಾಳೆ. ಶಾರ್ಲಟ್‌ನಿಂದ, ಅಟ್ಲಾಂಟಾದಿಂದ ಮೆಡಲ್ ತಂದವಳು ಮನೆ ಪಕ್ಕದ ರಿಂಕ್‌ನಲ್ಲಿ ಮಾತ್ರ ಬೀಳ್ತಾಳೆ. ಇಲ್ಲಿ ಒಂದ್ಸಲ ಗೆಲ್ಲಬೇಕು ಅನ್ನೋದೇ ಅವಳ ಆಸೆ.

ನಿಂಬೆಹಣ್ಣು

ಕೊರೊನಾ ಮುಗಿದು ರಿಂಕ್ ತೆರೆದಾಗ ನಮ್ಮತ್ತೆ ಮೈಸೂರಿಂದ ಬಂದಿದ್ದರು. ಮೊಮ್ಮಗಳ ಹೊಸ ಸ್ಕೇಟ್ಸ್ ನೋಡಿ, "ಹೊಸ ಗಾಡಿಗೆ ಪೂಜೆ ಮಾಡಲ್ವೇನೇ? ಇದೂ ಓಡೋದೇ ತಾನೆ," ಅಂತ ಬ್ಲೇಡಿಗೆ ಧಾರಾಳವಾಗಿ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣಿಟ್ಟು ತುಳಿಸಿದರು. ಕಾಂಪಿಟಿಷನ್‌ನಲ್ಲಿ ನೋಡಿದರೆ, ಐಸ್ ಮೇಲೆ ಕೆಂಪು ಗೀಟು! ರಕ್ತ ಅಂದ್ಕೊಂಡು ರೆಫರಿ ಮ್ಯೂಸಿಕ್ ನಿಲ್ಲಿಸಿ ಫಸ್ಟ್ ಏಡ್‌ನವರನ್ನ ಕರೆಸಿದರು. ಮತ್ತೆ ಶುರು ಮಾಡುವಾಗ ಮಗಳು ದೊಪ್ಪನೆ ಬಿದ್ದಳು.

"ನೋಡಿದ್ಯಾ, ಎಷ್ಟು ದೃಷ್ಟಿ ಇತ್ತು!" ಅಂದರು ಅತ್ತೆ. "ನಿಂಬೆಹಣ್ಣು ಇಡದೇ ಇದ್ದಿದ್ರೆ ಏನಾಗ್ತಿತ್ತೋ!"

ಅಂಕಲ್

ಮುಂದಿನ ವರ್ಷ ಪಕ್ಕದ ಮನೆ ಅಂಕಲ್, ರಿಟೈರ್ಡ್ ಡಾಕ್ಟರು, ಗೊತ್ತಿರೋ ಕನ್ನಡದವರನ್ನೆಲ್ಲ ಪುಳಿಯೋಗರೆ ಡಬ್ಬದ ಸಮೇತ ಕರ್ಕೊಂಡು ಬಂದರು. ಮಗಳು ಜಂಪ್‌ಗೆ ಕಾಲೆತ್ತಿದ್ದೇ ತಡ, "ಹಾರು ಪುಟ್ಟಾ!" ಅಂತ ಕೂಗಿದರು. ಬೆಚ್ಚಿದಳು, ಬಿದ್ದಳು.

"ಪರವಾಗಿಲ್ಲ, ಇನ್ನೊಂದ್ಸಲ ಹಾರು!"

ಪಾಪ, ದೊಡ್ಡವರ ಮಾತು ಅಂತ ಹಾರೇಬಿಟ್ಟಳು. ಮತ್ತೆ ಬಿದ್ದಳು.

ಕೊನೇ ಸಲ

ಈ ವರ್ಷ ಕಾಲೇಜಿಗೆ ಹೊರಡೋ ಮುಂಚಿನ ಕೊನೇ ಕಾಂಪಿಟಿಷನ್. "ಅಮ್ಮಾ, ಪ್ಲೀಸ್, ಯಾರೂ ಕೂಗೋದು ಬೇಡ," ಅಂದಳು. ಎಲ್ಲರಿಗೂ ಫೋನ್ ಮಾಡಿ, "ನೀವು ಕೂಗಿದ್ರೆ ಬೀಳ್ತಾಳೆ," ಅಂತ ಬೇಡಿಕೊಂಡೆ. ತುಟಿ ಪಿಟಕ್ಕನ್ನದೆ ಕೂತರು. ಮಗಳು ಒಮ್ಮೆಯೂ ಬೀಳಲಿಲ್ಲ! ನಾವೋ, ಚಪ್ಪಾಳೆ ತಟ್ಟೋಕೂ ಹೆದರಿದ್ವಿ.

ಆಮೇಲೆ ಅಟ್ಲಾಂಟಾದ ಹುಡುಗಿ ಬಂದಳು. ಅಂಕಲ್ ಎದ್ದು ನಿಂತು, "ಹಾರು ಪುಟ್ಟಾ!" ಅಂತ ಗಂಟಲು ಹರ್ಕೊಂಡರು. ಇಡೀ ಗುಂಪೇ ದನಿಗೂಡಿಸಿತು.

"ಅಯ್ಯೋ ಅಂಕಲ್, ಏನಿದು?"

"ನಾವು ಕೂಗಿದ್ರೆ ಬೀಳ್ತಾರೆ ಅಂದ್ಯಲ್ಲಮ್ಮಾ. ಬೀಳಿಸ್ತಿದ್ದೀವಿ."

ಅವಳೆಲ್ಲಿ ಬೀಳ್ತಾಳೆ! ಪರ ಊರಲ್ಲಿ ಇಷ್ಟೊಂದು ಪ್ರೀತಿಯಾ ಅಂತ ಹಿಗ್ಗಿ, ನಗ್ತಾ ನಗ್ತಾ ಹಾರಿ ಗೋಲ್ಡ್ ತಗೊಂಡಳು. ನಮ್ಮವಳಿಗೆ ಸಿಲ್ವರ್. ಗೆದ್ದವಳು ಓಡಿಬಂದು ಅಂಕಲ್‌ನ ತಬ್ಬಿ ಥ್ಯಾಂಕ್ಸ್ ಬೇರೆ ಹೇಳಿದಳು.

ವಾಪಸ್ ಬರುವಾಗ ನಮ್ಮ ಕಾರಿನ ಹಿಂದಿನ ಸೀಟಲ್ಲಿ ಅಂಕಲ್, ತೊಡೆ ಮೇಲೆ ಪುಳಿಯೋಗರೆ ಡಬ್ಬ. ಮಗಳು ಕಿಟಕಿ ಕಡೆ ತಿರುಗಿ ಹೇಳಿದಳು: "ನಾನೇ ಬೇಡ ಅಂದೆ, ಐ ನೋ. ಬಟ್ ಮುಗಿದ್ಮೇಲಾದ್ರೂ ಒಬ್ರು ಕೂಗ್ತೀರಾ ಅಂತ ವೇಟ್ ಮಾಡ್ದೆ."

ಅವಳಿಗೆ ಇಲ್ಲಿ ಇನ್ನೊಂದು ಕಾಂಪಿಟಿಷನ್ ಎಲ್ಲಿಂದ ತರೋದು? ಅಷ್ಟರಲ್ಲಿ ಹಿಂದಿನ ಸೀಟಿಂದ ಅಂಕಲ್ ಕಾರು ನಡುಗೋ ಹಾಗೆ ಕೂಗಿದರು: "ಹಾರು ಪುಟ್ಟಾ!"

ನಾನು ಬೆಚ್ಚಿ ಬ್ರೇಕ್ ಒತ್ತಿದೆ. ಮಗಳು ಕಣ್ಣೊರೆಸಿಕೊಂಡು ನಗೋಕೆ ಶುರು ಮಾಡಿದಳು. ಈ ಸಲ ಬಿದ್ದಿದ್ದು ಪುಳಿಯೋಗರೆ ಡಬ್ಬ.