ತಾನಾಗಿ ಏರಿದ ಜೋಳ

ಮನೆಯಲ್ಲಿ ಕಾಳು ಇಲ್ಲದವನಿಗೆ ನಾಳೆ ಏನು ತಿನ್ನುವುದೆಂಬ ಚಿಂತೆ ಒಂದೇ. ಕಾಳು ಬಚ್ಚಿಟ್ಟವನಿಗೆ ಊರೆಲ್ಲ ಚಿಂತೆ. ಬೀದಿಯಲ್ಲಿ ಯಾರಾದರೂ ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿ ಚಿಕ್ಕಂದಿನಲ್ಲಿ ನಾನೂ ನಕ್ಕಿದ್ದೆ. ಯುದ್ಧದ ಕಾಲದಲ್ಲಿ, ಪುಣೆಯಲ್ಲಿ ಬಾಡಿಗೆ ಸಂಸಾರಗಳು ತುಂಬಿದ್ದ ಒಂದು ವಾಡೆಯ ಕೆಳಗಿನ ಎರಡು ಖೋಲಿಗಳಲ್ಲಿ ಸಂಸಾರ ಹೂಡಿದ್ದಾಗ, ನನ್ನ ಎರಡೂ ಹೆಗಲು ಮುಟ್ಟಿ ಮುಟ್ಟಿ ಸವೆದುಹೋದವು.

ನಾನು ರೇಷನ್ ಕಚೇರಿಯಲ್ಲಿ ಕಾರಕೂನ. ಕಾರ್ಡಿನ ಮೇಲೆ ಸಿಕ್ಕಿದ್ದಕ್ಕಿಂತ ಹೆಚ್ಚು ಧಾನ್ಯ ಯಾರೂ ಕೂಡಿಡಬಾರದು, ಇಟ್ಟವರಿಗೆ ಶಿಕ್ಷೆಯಾಗುತ್ತದೆ ಎಂಬ ಪ್ರಕಟಣೆಯನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟವನು ನಾನೇ. ಹೀಗಿರುವಾಗ ವಿಜಾಪುರದ ಕಡೆಯಿಂದ ನನ್ನ ಹೆಂಡತಿಯ ಅಣ್ಣ ಬಂದ. ಸ್ಟೇಷನ್ನಿನಲ್ಲಿ ಅವನ ಹಾಸಿಗೆಯ ಸುರುಳಿ ಎತ್ತಿದ ಹಮಾಲ, ಒಳಗೆ ಯಾರಾದರೂ ಮಲಗಿದ್ದಾರೇನು ಎಂದು ಕೇಳಿದನಂತೆ. ಬಿಚ್ಚಿದರೆ ಬಿಳಿ ಜೋಳ, ಮುತ್ತಿನಂಥದ್ದು. ತಿರುಗಿ ಒಯ್ಯಪ್ಪಾ ಅನ್ನಬೇಕಾಗಿತ್ತು, ಬಾಯಿಯನ್ನೂ ತೆರೆದಿದ್ದೆ. ಅಷ್ಟರೊಳಗೆ ನನ್ನ ಹೆಂಡತಿ ಗಂಗಾ ಒಂದಿಷ್ಟು ಬೀಸಿ, ಬಿಸಿ ರೊಟ್ಟಿ ಬಡಿದು ತಟ್ಟೆಗೆ ಹಾಕಿದಳು. ತಿಂಗಳುಗಟ್ಟಲೆ ರೇಷನ್ನಿನ ಮುಗ್ಗಲು ಕಾಳು ತಿಂದವನು ನಾನು. ತೆರೆದ ಬಾಯಿ ರೊಟ್ಟಿಗೇ ಉಪಯೋಗವಾಯಿತು.

ಜೋಳವನ್ನು ತಗಡಿನ ಪೀಪಾಯಿಗೆ ಸುರಿದು, ಬೇವಿನೆಲೆ ಹಾಕಿ, ಹಲಗೆ ಮುಚ್ಚಿ, ಮೇಲೆ ಕೌದಿ ಹೊದಿಸಿದೆವು. ನೋಡಿದವರಿಗೆ ಅದು ಕೂಡುವ ಜಾಗ. ತೊಂದರೆಯೆಂದರೆ ಬಂದವರೆಲ್ಲ ಅದರ ಮೇಲೆಯೇ ಕೂಡತೊಡಗಿದರು. ಮಾಳಿಗೆಯ ಮೇಲಿದ್ದ ಮರಾಠಿ ಹೆಂಗಸನ್ನು ವಾಡೆಯವರೆಲ್ಲ ಕಾಕೂ ಅನ್ನುತ್ತಿದ್ದರು. ಅವರು ಅಲ್ಲಿ ಕೂತು, ಇವತ್ತು ಏನು ಅಡುಗೆ ಎಂದು ದಿನಾ ಕೇಳುವರು. ನಮ್ಮ ಅಡುಗೆಯ ಗೊಡವೆ ಅವರಿಗೇಕೆ? ಎದುರು ಖೋಲಿಯ ನಿವೃತ್ತ ಮಾಸ್ತರರು ನಮ್ಮ ಬಾಗಿಲು ಹಾಯುವಾಗ ಮೂಗು ಏರಿಸುವರು. ಪಾಪ, ನೆಗಡಿ ಎಂದಳು ಗಂಗಾ. ವರ್ಷವಿಡೀ ಯಾರಿಗಾದರೂ ನೆಗಡಿ ಇರುತ್ತದೆಯೇ?

ನಮ್ಮ ಕಡೆ ಕಣದಲ್ಲಿ ರಾಶಿ ಮಾಡಿದ ಮೇಲೆ ಬೂದಿಯ ಗೆರೆ ಎಳೆದಿಡುತ್ತಾರೆ. ಯಾರಾದರೂ ಕೈ ಹಾಕಿದರೆ ಗೆರೆ ಕೆಡುತ್ತದೆ, ಕಳವು ತಿಳಿಯುತ್ತದೆ. ನಾನೂ ಜೋಳವನ್ನು ಅಂಗೈಯಿಂದ ಸಮ ಮಾಡಿ, ಕಚೇರಿಯ ಕಾಗದಗಳಿಗೆ ಹಾಕುವ ಚಿಕ್ಕ ಸಹಿಯನ್ನು ಬೂದಿಯಲ್ಲಿ ಹಾಕಿದೆ. ಬೀಸಲು ತೆಗೆಯುವುದಿದ್ದರೆ ನನ್ನೆದುರಿಗೇ ತೆಗೆಯಬೇಕು, ಆಮೇಲೆ ಮತ್ತೆ ಸಹಿ. ಕಚೇರಿಗೆ ಹೊರಡುವ ಮೊದಲು ಒಮ್ಮೆ ನೋಡುವುದು, ಬಂದ ಕೂಡಲೇ ಮತ್ತೊಮ್ಮೆ; ಕೈಕಾಲು ತೊಳೆಯುವುದು ಅದರ ತರುವಾಯ.

ಸಹಿ ಒಂದು ದಿನವೂ ಕೆಡಲಿಲ್ಲ. ಆದರೆ ಪೀಪಾಯಿಯ ಒಳಮೈಯಲ್ಲಿ ಕಾಣುತ್ತಿದ್ದ ತುಕ್ಕು ಹಿಡಿದ ಮೊಳೆಯೊಂದು ಜೋಳದಲ್ಲಿ ಮುಳುಗಿಹೋಯಿತು. ನಾವು ತಿಂದಷ್ಟೂ ಜೋಳ ಏರುತ್ತಿತ್ತು. ಬೇರೆಯವರಾಗಿದ್ದರೆ ಅನ್ನಪೂರ್ಣೆಯ ಕೃಪೆಯೆಂದು ಕಾಯಿ ಒಡೆಸುತ್ತಿದ್ದರು. ನಾನು ಬೆವತೆ. ಯಾರೋ ನನ್ನನ್ನು ಸಿಕ್ಕಿಸಲೆಂದೇ ತಂದು ಸುರಿಯುತ್ತಿದ್ದಾರೆ, ಪೀಪಾಯಿ ತುಂಬಿದ ದಿನ ಸರಕಾರದ ಝಡತಿ ಬರುತ್ತದೆ, ಮನೆಯೆಲ್ಲ ಹುಡುಕುತ್ತಾರೆ, ನೌಕರಿ ಹೋಗುತ್ತದೆ. ಈ ಊರಿನಲ್ಲಿ ನೌಕರಿ ಬಿಟ್ಟರೆ ನಮಗೆ ಇನ್ನೇನಿತ್ತು? ಕಣ್ಣು ಮುಚ್ಚಿದರೆ ಮಾಸ್ತರರ ಮೂಗೇ ಕಾಣುತ್ತಿತ್ತು.

ಒಂದು ದಿನ ಕಚೇರಿಯಲ್ಲಿ ತಲೆನೋವೆಂದು ಹೇಳಿ ಮಧ್ಯಾಹ್ನವೇ ಮನೆಗೆ ಬಂದೆ. ಕೌದಿ ಕೆಳಗಿತ್ತು. ಕಾಕೂ ತಮ್ಮ ಕೊಡ ಬಗ್ಗಿಸಿ ಪೀಪಾಯಿಗೆ ಜೋಳ ಸುರಿದು ಮುಗಿಸಿದ್ದರು. ಹಿಂದೆ ಮಾಸ್ತರರು ಚೀಲದ ಬಾಯಿ ಹಿಡಿದುಕೊಂಡು ಸರದಿ ಕಾಯುತ್ತ ಸೀನುತ್ತಿದ್ದರು. ನೆಗಡಿ ನಿಜವೇ ಆಗಿತ್ತು. ಗಂಗಾ ಬೂದಿ ಹಿಡಿದು ನನ್ನ ಸಹಿಯನ್ನು ಹೇಗೆ ಹಾಕುವುದೆಂದು ಕಾಕೂಗೆ ತೋರಿಸುತ್ತಿದ್ದಳು.

"ನನ್ನ ಸಹಿ ನಿನಗ ಹೆಂಗ ಬಂತು?" ಎಂದೆ.

"ಅದೇನ್ ಮಹಾ ಸಹಿರೀ, ಎರಡು ಗೆರಿ, ಒಂದು ಚುಕ್ಕಿ," ಎಂದಳು.

ಕಾಕೂ ಸ್ವಲ್ಪವೂ ಅಳುಕಲಿಲ್ಲ. ಊರೆಲ್ಲ ಹುಡುಕಿದರೂ ರೇಷನ್ ಕಚೇರಿಯವರ ಮನೆಯನ್ನು ಯಾರು ಹುಡುಕುತ್ತಾರೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ನನ್ನ ನೌಕರಿ ಹೋದರೆ ಎಂದು ಕೇಳಿದೆ. ಹೋಗದಿರಲೆಂದು ತಾವು ಗಣಪತಿಗೆ ದಿನಾ ಗರಿಕೆ ಏರಿಸುತ್ತಿರುವುದಾಗಿ ಹೇಳಿದರು. ಅವರು ನನ್ನ ಹಿತಕ್ಕಾಗಿ ಏರಿಸುತ್ತಿದ್ದರೋ ಜೋಳದ ಹಿತಕ್ಕಾಗಿಯೋ ಎಂದು ನಾನು ಕೇಳಲಿಲ್ಲ. ಉಳಿದದ್ದನ್ನು ಗಂಗಾ ಹೇಳಿದಳು.

"ಮುಂಜಾನೆ ನೋಡತೀರಿ, ಸಂಜಿಗೆ ನೋಡತೀರಿ. ಇಲಿ ಸೈತ ಆ ಕಡೆ ಸುಳಿಯೂದಿಲ್ಲ. ಪಗಾರ ಇಲ್ಲದ ಇಂಥಾ ಕಾವಲಗಾರ ಇವರಿಗೆ ಎಲ್ಲಿ ಸಿಗಬೇಕ್ರೀ?"

ದೂರು ಕೊಡೋಣವೆಂದರೆ ಅಂಥ ದೂರುಗಳನ್ನು ಬರೆದುಕೊಳ್ಳುವ ಕಾರಕೂನನೂ ನಾನೇ. ಮಾಸ್ತರರ ಚೀಲಕ್ಕೂ ಜಾಗ ಬಿಟ್ಟು ಸರಿದೆ. ಅವರೆಲ್ಲ ಹೋದ ಮೇಲೆ ಪೀಪಾಯಿಯಲ್ಲಿ ಕೈಯಾಡಿಸಿದೆ. ಈ ಸಲ ಕಾಕೂ ಸುರಿದದ್ದು ಸಣ್ಣ ಕಾಳು, ಮಾಸಲು ಬಣ್ಣ. ಹಾಕುವಾಗ ಇದು, ಒಯ್ಯುವಾಗ ನಮ್ಮೂರ ಬಿಳಿ ಜೋಳ ಒಯ್ದರೆ? ಸಂಶಯ ತಡೆಯಲಾರದೆ ಇದ್ದಬದ್ದ ಬಿಳಿ ಕಾಳನ್ನು ತಳಕ್ಕೆ ಸರಿಸಿ, ಸಮ ಮಾಡಿ, ನನ್ನ ಕೈಯಿಂದಲೇ ಸಹಿ ಹಾಕಿದೆ. ಸಿಟ್ಟಿನಲ್ಲಿ ಗೆರೆ ಸ್ವಲ್ಪ ಸೊಟ್ಟಗಾಯಿತು.

ಸಂಜೆ ಗಂಗಾ ಹಲಗೆ ಸರಿಸಿ ನೋಡಿದವಳು ಗಾಬರಿಯಿಂದ ನನ್ನನ್ನು ಕರೆದಳು. "ಬರ್ರಿ ಇಲ್ಲೆ, ಯಾರೋ ಕೈ ಹಾಕ್ಯಾರ. ಇದು ನಿಮ್ಮ ಸಹಿ ಅಲ್ಲ."