ಬಿಸಿಲಿಗೊಂದು ಪಾರ್ಕಿಂಗ್ ಜಾಗ

ಶಿಸ್ತಿನ ಜನ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ಲೋಕದಲ್ಲಿದೆ. ಮಾಡುತ್ತೇವೆ. ಬೇರೆಯವರು ಒಂದು ತಪ್ಪನ್ನು ಒಮ್ಮೆ ಮಾಡಿ ಬಿಟ್ಟುಬಿಡುತ್ತಾರೆ. ನಾವು ಅದನ್ನೇ ದಿನಾ ಹೊತ್ತಿಗೆ ಸರಿಯಾಗಿ, ಅಚ್ಚುಕಟ್ಟಾಗಿ ಮಾಡುತ್ತೇವೆ. ಮೈಸೂರಿನ ನರ್ಸಿಂಗ್ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ದೀಪ ಆರಿಸಿ ಬೆಳೆದವಳು ನಾನು. ಆಮೇಲೆ ಮುಂಬಯಿ ಪಕ್ಕದ ಠಾಣೆ ಊರಿನ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ಊರವರ ಮಕ್ಕಳನ್ನೆಲ್ಲ ಹಾಗೆಯೇ ನಡೆಸಿದೆ. ನಡೆಯದೆ ಉಳಿದವರು ನನ್ನ ಯಜಮಾನರು ಒಬ್ಬರೇ. ಅವರು ಉಡುಪಿ ಕಡೆಯವರು. ಕಲ್ಯಾಣ್ ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತ, ಆಯುಷ್ಯದ ಬಹುಭಾಗವನ್ನು ಗಲ್ಲಾಪೆಟ್ಟಿಗೆಯ ಮುಂದೆ ಫ್ಯಾನಿನ ಕೆಳಗೆ ಕಳೆದವರು. ನಾನು ಅವರನ್ನು ಮದುವೆಯಾದೆನೋ ಅವರ ಫ್ಯಾನನ್ನೋ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ.

ಹೋಟೆಲನ್ನು ಅವರು ತಮ್ಮನಿಗೆ ಬಿಟ್ಟುಕೊಟ್ಟಾಗ, ಮಾರ್ಕೆಟ್ಟಿನಿಂದ ತರಕಾರಿ ಹೊರುತ್ತಿದ್ದ ಹಳೆಯ ವ್ಯಾನು ನಮ್ಮ ಪಾಲಿಗೆ ಬಂತು. ಬಾಗಿಲು ತೆಗೆದರೆ ಕೊತ್ತಂಬರಿ ಸೊಪ್ಪಿನ ವಾಸನೆ. ಅದನ್ನು ನೋಡಿದ್ದೇ ನನ್ನೊಳಗೆ ಒಂದು ಆಸೆ ಎದ್ದು ಕೂತಿತು. ಇಷ್ಟು ವರ್ಷ ಲೋಕಲ್ ಟ್ರೇನಿನ ಕಿಟಕಿಯಲ್ಲಿ ಡೊಂಬಿವಲಿ, ದಿವಾ, ಮುಂಬ್ರಾ ನೋಡಿದ್ದು ಸಾಕು. ವ್ಯಾನಿನ ಹಿಂದೆ ಹಾಸಿಗೆ ಹಾಕಿಕೊಂಡು, ಕೊಂಕಣದ ದಾರಿ ಹಿಡಿದು, ಮನಸ್ಸು ಬಂದಲ್ಲಿ ನಿಂತು ಮಲಗುತ್ತ ಉಡುಪಿಯವರೆಗೆ ಹೋಗಬೇಕು. ಯಜಮಾನರು ಬೇಡ ಎನ್ನಲಿಲ್ಲ. ಒಂದೇ ಶರತ್ತು ಹಾಕಿದರು. "ರಾತ್ರಿ ಇಡೀ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ನೀನೊಬ್ಬಳೇ ಹೋಗು ಮಾರಾಯ್ತಿ. ನಾನು ಇಲ್ಲೇ ಕೂತು ನಿನ್ನ ಕಾಗದ ಕಾಯ್ತೇನೆ."

ಒಬ್ಬಳೇ ಹೋಗುವುದಾದರೆ ವ್ಯಾನು ಯಾಕೆ, ಬಸ್ಸು ಸಾಲದೇ? ಹಾಗಾಗಿ ನಾನು ಸೋಲಾರಿನ ಬೆನ್ನು ಹತ್ತಿದೆ. ಅದೇನೂ ಬ್ರಹ್ಮವಿದ್ಯೆಯಲ್ಲ. ಛಾವಣಿಯ ಕ್ಯಾರಿಯರ್ ಮೇಲೆ ಒಂದು ಪ್ಯಾನೆಲ್, ಸೀಟಿನ ಹಿಂದೆ ಒಂದು ಬ್ಯಾಟರಿ, ಬ್ಯಾಟರಿಗೆ ಹೆಚ್ಚು ಕಡಿಮೆ ಆಗದಂತೆ ನೋಡಿಕೊಳ್ಳಲು ನಡುವೆ ಒಂದು ಪುಟ್ಟ ಡಬ್ಬಿ. ಸಲೈನ್ ಬಾಟಲಿ, ರೋಗಿ, ನರ್ಸ್ ಇದ್ದ ಹಾಗೆ. ಬ್ಯಾಟರಿಯಿಂದ ನೇರವಾಗಿ ನಡೆಯುವ ಚಿಕ್ಕ ಫ್ಯಾನು, ಎರಡು ದೀಪ, ಮೊಬೈಲಿಗೆ ಒಂದು ಪಿನ್ನು. ದೊಡ್ಡ ಸಾಮಾನು ಯಾವುದೂ ಬೇಡವೆಂದು ಮೊದಲೇ ನಿರ್ಧರಿಸಿದ್ದರಿಂದ ಖರ್ಚು ಕೈಗೆಟುಕಿತು. ವೈರುಗಳನ್ನು ನಾನೇ ಎಳೆದೆ. ಬ್ಯಾಂಡೇಜು ಸುತ್ತಿ ಪಳಗಿದ ಕೈಗೆ ಟೇಪು ಸುತ್ತುವುದು ಕಷ್ಟವೇ? ಯಜಮಾನರು ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡಿದರು. "ಮಿಕ್ಸರ್ ಇಲ್ಲವಾ? ಹಾಗಾದ್ರೆ ಚಟ್ನಿಗೆ ಎಂತ ಮಾಡುದು?"

"ಚಟ್ನಿಪುಡಿ" ಎಂದೆ. ಹೋಟೆಲಿನವರ ಮುಖದಲ್ಲಿ ಅಂಥ ದುಃಖವನ್ನು ನಾನು ಕಂಡಿರಲಿಲ್ಲ.

ಮೊದಲ ಸಂಜೆ ಫ್ಯಾನು ಭರ್ಜರಿಯಾಗಿ ತಿರುಗಿತು. ಮರುದಿನ ನಿಧಾನವಾಯಿತು. ಅದರ ಮರುದಿನ ಉಸಿರೆಳೆದು ನಿಂತೇ ಹೋಯಿತು. ನಾನು ವೈರು ಬಿಚ್ಚಿ ಕಟ್ಟಿದೆ, ಬ್ಯಾಟರಿಯ ತುದಿ ಉಜ್ಜಿದೆ, ಅಂಗಡಿಯವನಿಗೆ ಫೋನಿನಲ್ಲಿ ವಾರ್ಡ್‌ಬಾಯ್‌ಗೆ ಬೈಯುವ ಧ್ವನಿಯಲ್ಲಿ ಬೈದೆ. ಪ್ಯಾನೆಲ್ಲಿನ ಆರೈಕೆಯಲ್ಲಂತೂ ಲೋಪವೇ ಇರಲಿಲ್ಲ. ಸಂಜೆಯಾಗುತ್ತಲೇ ಅದಕ್ಕೆ ಬಿಳಿ ಚಾದರ ಹೊದಿಸಿ, ಆಸ್ಪತ್ರೆಯ ಹಾಸಿಗೆಗೆ ಮಾಡುವಂತೆ ಮೂಲೆಗಳನ್ನು ಮಡಿಸಿ ಸಿಕ್ಕಿಸುತ್ತಿದ್ದೆ. ಬೆಳಿಗ್ಗೆ ತಪ್ಪದೆ ಬಿಚ್ಚಿ ಒರೆಸುತ್ತಿದ್ದೆ. ಒಂದು ದಿನ ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಬಂದು, ಪ್ಯಾನೆಲ್ ನೋಡಿ, ಮೇಲೆ ನೋಡಿ, "ಅಲ್ಲ ಮಾರಾಯ್ತಿ, ಇಲ್ಲಿಗೆ ಬಿಸಿಲು ಎಲ್ಲಿಂದ ಬರ್ತದೆ?" ಎಂದರು.

ಮೇಲೆ ನಮ್ಮ ಕಟ್ಟಡದ ಏಳು ಮಹಡಿಗಳಿದ್ದವು.

ಕಟ್ಟಡದ ಅಡಿಯಲ್ಲಿ, ಕಂಬಗಳ ನಡುವೆ ಸಿಗುವ ನೆರಳಿನ ಜಾಗಕ್ಕೆ ನಮ್ಮಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಎನ್ನುತ್ತಾರೆ. ಅದು ಸಿಗುವುದು ಪುಣ್ಯವಂತರಿಗೆ. ನನಗದು ಹಂಚಿಕೆಯಲ್ಲಿ ಬಂದಿತ್ತು. ಅಷ್ಟೇ ಅಲ್ಲ, ಹಿಂದೆ ನಮ್ಮ ಕಟ್ಟಡದವರ ಸೊಸೈಟಿಗೆ ಸೆಕ್ರೆಟರಿ ಆಗಿದ್ದಾಗ, ಯಾರೂ ತಮ್ಮ ಜಾಗ ಬಿಟ್ಟು ಬೇರೆಡೆ ಗಾಡಿ ನಿಲ್ಲಿಸಬಾರದು, ಜಾಗ ಅದಲುಬದಲು ಮಾಡಬಾರದು ಎಂದು ನಿಯಮ ತಂದವಳೂ ನಾನೇ. ಆ ದಿನ ಮನಸ್ಸು ಗಟ್ಟಿ ಮಾಡಿಕೊಂಡು ವ್ಯಾನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಚಕ್ರಕ್ಕೆ ಸರಪಳಿ ಬಿದ್ದಿತ್ತು. ವಾಚ್‌ಮನ್ ಸಾಳವೆ ಸೆಲ್ಯೂಟ್ ಹೊಡೆದು ಹೇಳಿದ: "ಮ್ಯಾಡಮ್, ನಿಯಮ್ ತರ್ ತುಮಚಾಚ್ ಆಹೇ ನಾ!" ನಿಯಮ ನಿಮ್ಮದೇ ಅಲ್ಲವೇ ಎಂದು. ಅವನಿಗೆ ತರಬೇತಿ ಕೊಟ್ಟವಳೂ ನಾನೇ ಆದ್ದರಿಂದ ಶಹಭಾಸ್ ಎನ್ನದೆ ಗತಿಯಿರಲಿಲ್ಲ.

ಕೊನೆಗೆ ವಿಷಯ ಭಾನುವಾರದ ಮೀಟಿಂಗಿಗೆ ಹೋಯಿತು. ಎಲ್ಲರೂ ವಹಿನಿ, ಎಂದರೆ ಅತ್ತಿಗೆ, ಎಂದು ಕರೆಯುವ ಮೂರನೇ ಮಹಡಿಯ ಪವಾರ್ ಅವರ ಜಾಗ ಬಿಸಿಲಿನಲ್ಲಿತ್ತು. ಅವರ ಹೊಸ ಕಾರು ಸುಡುತ್ತಿತ್ತು. ಬದಲಾಯಿಸಿಕೊಳ್ಳಲು ಇಬ್ಬರಿಗೂ ಒಪ್ಪಿಗೆ, ನಿಯಮಕ್ಕೆ ಮಾತ್ರ ಇಲ್ಲ. ತಿದ್ದುಪಡಿ ಕೋರಿ ನಾನು ಎದ್ದು ನಿಂತಾಗ ಜನ ನಾಟಕ ನೋಡಲು ಕೂತಂತೆ ಕುರ್ಚಿ ಸರಿಮಾಡಿಕೊಂಡರು.

"ಹೋದ ಸಲ ನಾನು ನೆರಳು ಕೇಳಿದಾಗ ಏನಂದಿರಿ ಮೇಟ್ರನ್ ಬಾಯಿ?" ಎಂದು ವಹಿನಿ ಮರಾಠಿಯಲ್ಲಿ ಶುರುಮಾಡಿದರು. "ಬಿಸಿಲಿಗೆ ಬಣ್ಣ ಮಾತ್ರ ಹೋಗುತ್ತೆ, ನಿಯಮ ಹೋದರೆ ಸೊಸೈಟಿಯೇ ಹೋಗುತ್ತೆ ಅಂದಿರಿ!"

"ಅಂದೆ. ಈಗ ಬಿಸಿಲು ಬೇಕಾಗಿದೆ."

"ಸಿಕ್ಕಿದ ನೆರಳು ಬಿಡೋರನ್ನ ಇದೇ ಮೊದಲು ನೋಡಿದ್ದು" ಎಂದು ಯಾರೋ ಹಿಂದಿನಿಂದ ಅಂದರು. ನಗು ಎದ್ದಿತು. ಅಷ್ಟರಲ್ಲಿ ಕರೆಂಟು ಹೋಯಿತು. ಆಗ ನಮ್ಮ ಕಡೆ ಲೋಡ್‌ಶೆಡ್ಡಿಂಗ್ ಕಾಲ. ಹೋದರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಫ್ಯಾನು ನಿಂತು, ನಗುವೂ ನಿಂತು, ಎಲ್ಲರೂ ಕೈಗೆ ಸಿಕ್ಕ ಕಾಗದದಿಂದ ಗಾಳಿ ಹಾಕಿಕೊಳ್ಳತೊಡಗಿದರು. ಬಾಗಿಲ ಬಳಿ ಕೂತಿದ್ದ ಯಜಮಾನರು ತಮ್ಮ ಹೋಟೆಲ್ ಹಿಂದಿಯಲ್ಲಿ ಶಾಂತವಾಗಿ ಹೇಳಿದರು: "ಅಬ್ ಸಮ್ಝಾ? ಇಸೀ ಕೇ ಲಿಯೇ ಧೂಪ್ ಮಾಂಗತೀ ಹೈ." ಈಗ ತಿಳಿಯಿತೇ, ಇದಕ್ಕೇ ಇವಳು ಬಿಸಿಲು ಕೇಳುವುದು ಎಂದು. ಹೊಸ ಸೆಕ್ರೆಟರಿ ಬೆವರು ಒರೆಸಿಕೊಳ್ಳುತ್ತ "ಮಂಜೂರ್, ಮಂಜೂರ್" ಎಂದು ಎದ್ದುಬಿಟ್ಟರು. ನನ್ನ ಕಾಲದಲ್ಲಿ ಇಷ್ಟು ಬೇಗ ಯಾವ ಠರಾವೂ ಪಾಸಾಗಿರಲಿಲ್ಲ.

ಬಿಸಿಲಿನ ಜಾಗಕ್ಕೆ ಹೋದ ಮೇಲೆ ಬ್ಯಾಟರಿಯ ಮುಖದಲ್ಲಿ ಕಳೆ ಬಂತು. ಒಂದು ಮಧ್ಯಾಹ್ನ ಇಡೀ ಕಟ್ಟಡ ಕರೆಂಟಿಲ್ಲದೆ ಬೇಯುತ್ತಿದ್ದಾಗ ವ್ಯಾನನ್ನು ಗೇಟಿನಾಚೆ ಮರದಡಿಗೆ ಒಯ್ದು, ಯಜಮಾನರನ್ನು ಒಳಗೆ ಮಲಗಿಸಿ, ಫ್ಯಾನು ಹಾಕಿದೆ. ಹೊರಗೆ ನಿಂತು ಕಿವಿಗೊಟ್ಟೆ. ಮೊದಲು ಫ್ಯಾನಿನ ಸದ್ದು, ಆಮೇಲೆ ಗೊರಕೆಯ ಸದ್ದು. ಸಂಜೆ ಎದ್ದು ಬಂದವರು ಒಂದೇ ಮಾತು ಹೇಳಿದರು. "ಹೊರಡುವ."

ಹೊರಡುವ ಎಂದದ್ದೇ ತಡ, ನನಗೆ ನೂರೆಂಟು ಚಿಂತೆ ಹತ್ತಿಕೊಂಡಿತು. ಹಾಲಿನವನಿಗೆ ಹೇಳಬೇಕಲ್ಲ? ಸ್ನಾನಕ್ಕೆ ಎಲ್ಲಿ? ದಾರಿಯಲ್ಲಿ ಪೇಪರ್ ಎಷ್ಟು ಹೊತ್ತಿಗೆ ಸಿಗುತ್ತದೆ? "ಮಳೆಗಾಲ ಮುಗೀಲಿ" ಎಂದೆ. ಮಳೆಗಾಲ ಇನ್ನೂ ಶುರುವೇ ಆಗಿರಲಿಲ್ಲ. ಯಜಮಾನರು ನಕ್ಕರು. "ಫ್ಯಾನಿಗೆ ಕಾದದ್ದು ನಾನಾ, ನೀನಾ? ಉಡುಪಿ ಇರಲಿ, ಮೊದಲು ಇಲ್ಲೇ ಹತ್ತಿರ ಟಿಟ್ವಾಳಾದ ಗಣಪತಿಗೆ ಹೋಗಿ ಒಂದು ರಾತ್ರಿ ನಿಂತು ಬರುವ. ಹತ್ತು."

ಹತ್ತಿದೆ. ದೇವಸ್ಥಾನದಿಂದ ಸ್ವಲ್ಪ ಆಚೆ, ಪರಿಚಯದ ಹೋಟೆಲಿನವರ ಅಂಗಳದಲ್ಲಿ ವ್ಯಾನು ನಿಲ್ಲಿಸಿ ಮಲಗಿದೆವು. ಬೆಳಕು ಹರಿಯುವ ಮುಂಚೆ ನನಗೆ ಎಚ್ಚರವಾಯಿತು. ಫ್ಯಾನು ತಿರುಗುತ್ತಲೇ ಇತ್ತು. ಎದ್ದು ಕೂತು ಸೆರಗು ಸರಿಮಾಡಿಕೊಂಡು ಸುತ್ತ ನೋಡಿದೆ. ಕಸ ಗುಡಿಸಲು ನೆಲವಿಲ್ಲ, ಎಬ್ಬಿಸಲು ಯಾರೂ ಇಲ್ಲ, ಪ್ಯಾನೆಲ್ ಒರೆಸೋಣವೆಂದರೆ ಸೂರ್ಯನೇ ಇನ್ನೂ ಡ್ಯೂಟಿಗೆ ಬಂದಿಲ್ಲ. ಏನು ಮಾಡುವುದೆಂದು ತಿಳಿಯದೆ ಮತ್ತೆ ಮಲಗಿಬಿಟ್ಟೆ. ಯಜಮಾನರು ಗಾಬರಿಯಿಂದ ಎದ್ದು ಕೂತು, ನನ್ನ ಹಣೆ ಮುಟ್ಟಿ ನೋಡಿ ಕೇಳಿದರು: "ಎಂತ ಮಾರಾಯ್ತಿ, ಜ್ವರವಾ?"